ಉಪ್ಪಿಲ್ಲದ ಎಡೆ

ಬೆಳಗಾಗುವಷ್ಟರಲ್ಲಿ ಎಡೆಯ ಮೇಜಿನಿಂದ ಗೊಜ್ಜಿನ ಜಾಡಿಗಳು ಮಾಯವಾಗಿದ್ದವು. ಮೆಕ್ಕೆಜೋಳದ ಮುದ್ದೆ ಇಟ್ಟ ಹಾಗೇ ಇತ್ತು. ತೊಗರಿಕಾಳು, ಕೋಳಿ, ರಮ್ಮಿನ ಲೋಟ ಎಲ್ಲ ಇದ್ದವು. ಹುಣಸೆ ಗೊಜ್ಜು ಮಾತ್ರ ಜಾಡಿ ಸಮೇತ ಹೋಗಿತ್ತು. ಮುದುಕಿ ಕ್ಲೋಟಿಲ್ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಹೋಗಿ ಬಿಳಿ ಬಟ್ಟೆಯ ಮೇಲೆ ಕೈಯಾಡಿಸಿದಳು, ಆಮೇಲೆ ನಗತೊಡಗಿದಳು.

“ಬಂದಿದ್ಲು ಕಣೇ ಅಯೋನಿ,” ಅಂದಳು. “ನಮ್ಮಕ್ಕ ಬಂದಿದ್ಲು. ಜಾಡಿ ಸಮೇತ ಎತ್ಕೊಂಡು ಹೋಗಿದಾಳೆ.”

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಸತ್ತವರು ತಿನ್ನುವುದು ಅಡುಗೆಯ ಸಾರವನ್ನು, ಗಾಜನ್ನಲ್ಲ ಎಂದು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಅದೂ ಇರುವೆ ಕಾಟಕ್ಕೆ ಹೆದರಿ ಮುಚ್ಚಳ ಬಿಗಿದಿಟ್ಟ ಜಾಡಿ. ಮುಚ್ಚಳ ಹೇಗೆ ತೆಗೆದಳಂತೆ ಎಂದು ಕೇಳಿದೆ. ಬದುಕಿದ್ದಾಗ ರಮ್ ಬಾಟಲಿಯ ಬಿರಡೆಯನ್ನು ಹಲ್ಲಲ್ಲೇ ಕೀಳುತ್ತಿದ್ದವಳಿಗೆ ಇದೇನು ಮಹಾ ಎಂದು ನನ್ನನ್ನೇ ಗದರಿದಳು. ಯಾವನೋ ಕಳ್ಳ ಹೊತ್ತುಕೊಂಡು ಹೋಗಿರಬೇಕೆಂದು ನನ್ನ ಮನಸ್ಸಿಗೆ ಬಂತು. ಆದರೂ ಹೇಳಲಿಲ್ಲ. ಎಂಟು ತಿಂಗಳಾದ ಮೇಲೆ ಆ ಮುದುಕಿ ನಕ್ಕಿದ್ದಳು. ಆ ನಗುವಿಗೆ ನೀರೆರಚಲು ನನ್ನಂಥವಳಿಗೂ ಮನಸ್ಸು ಬರಲಿಲ್ಲ.

ಹಿಂದಿನ ಜುಲೈಯಲ್ಲಿ ಬಂದ ಚಂಡಮಾರುತ ಕೆರಿಬಿಯನ್ ಕಡಲಿನ ನಮ್ಮ ಕ್ಯಾರಿಯಾಕು ದ್ವೀಪದಲ್ಲಿ ನೆಟ್ಟಗೆ ನಿಲ್ಲಿಸಿ ಹೋದದ್ದು ಹುಣಸೆಮರಗಳನ್ನು ಮಾತ್ರ. ನನ್ನ ಮನೆ ಎಲ್ಲಿ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಲೋಟಿಲ್‌ಳ ಹಳೆಯ ಮರದ ಮನೆಯಲ್ಲಿ ಒಂದು ಕೋಣೆಗೆ ಸೂರು ಉಳಿದಿತ್ತು. ಹೊರಗೆ ನೀಲಿ ತಾಡಪಾಲು ಕಟ್ಟಿಕೊಂಡು ನಾವಿಬ್ಬರೂ ಒಂದೇ ಮಂಚದ ಮೇಲೆ ಮಲಗುತ್ತಿದ್ದೆವು. ಮನೆ ಹೋದದ್ದಕ್ಕೆ ಅವಳು ಅತ್ತವಳಲ್ಲ. ಕಡಲಂಚಿನ ಸ್ಮಶಾನದಲ್ಲಿ ಅವಳ ಅಕ್ಕ ಜೋಸೆಟ್‌ಳ ಸಮಾಧಿಯನ್ನು ಅಲೆ ಒಡೆದು ಎಳೆದುಕೊಂಡು ಹೋಗಿತ್ತಲ್ಲ, ಅದಕ್ಕೆ ಅತ್ತಳು. ಅಕ್ಕ ಸತ್ತು ಹನ್ನೊಂದು ವರ್ಷವಾಗಿದ್ದರೂ ತಿಂಗಳಿಗೊಮ್ಮೆಯಾದರೂ ಕನಸಿನಲ್ಲಿ ಬಂದು ಅದು ಬೇಕು ಇದು ಬೇಕು ಎಂದು ಕೇಳುತ್ತಿದ್ದಳಂತೆ. ಗಾಳಿ ಬಂದುಹೋದ ಮೇಲೆ ಒಮ್ಮೆಯೂ ಬರಲಿಲ್ಲ. ಇದ್ದ ಜಾಗವೇ ಕಡಲಪಾಲಾದ ಮೇಲೆ ದಾರಿ ತಪ್ಪಿ ಎಲ್ಲಿ ಅಲೆಯುತ್ತಿದ್ದಾಳೋ ಎಂಬುದೇ ಈ ಮುದುಕಿಯ ಕೊರಗು. ಈಗ ಜಾಡಿ ಹೋಯಿತು ಎಂದರೆ ದಾರಿ ಸಿಕ್ಕಿತು ಎಂದು ಅವಳ ಲೆಕ್ಕ. ಮಧ್ಯಾಹ್ನದೊಳಗೆ ನಮ್ಮ ಲೆಸ್ಟೇರ್ ಊರಿಗೆಲ್ಲ ಸುದ್ದಿ ಹೇಳಿ ಬಂದಳು.

ಹಿರಿಯರ ಎಡೆಗೆ ನಮ್ಮಲ್ಲಿ ಉಪ್ಪು ಹಾಕುವುದಿಲ್ಲ. ಉಪ್ಪು ತಿಂದವರು ಹಾರಲಾರರು, ಕಡಲು ದಾಟಿ ಬರಲಾರರು ಎಂದು ಹಳಬರ ಮಾತು. ಎಡೆಯ ಅಡುಗೆ ಮಾಡುವವಳು ಒಬ್ಬಳೇ ಬಾಗಿಲು ಹಾಕಿಕೊಂಡು ಮಾಡಬೇಕು, ರುಚಿ ನೋಡಬಾರದು, ಪಾತ್ರೆಯಲ್ಲಿ ಏನೂ ಉಳಿಸಬಾರದು. ಎಡೆಯಿಟ್ಟ ಮೇಲೆ ಬೆಳಗಾಗುವ ತನಕ ಆ ಮೇಜಿನ ಕಡೆ ಯಾರೂ ಕಣ್ಣು ಹಾಯಿಸಬಾರದು. ಈ ಕೆಲಸಕ್ಕೆ ನಮ್ಮ ಊರಿಗೆಲ್ಲ ಕ್ಲೋಟಿಲ್ ಒಬ್ಬಳೇ. ಯಾರ ಮನೆಯ ಸತ್ತವರು ಹಸಿದರೂ ಅವಳನ್ನೇ ಕರೆಯುವುದು. ಆ ಸಲ ಬಟ್ಟಲು ಬೋಗುಣಿ ಎಲ್ಲ ಗಾಳಿಗೆ ಹೋಗಿದ್ದರಿಂದ ಅಕ್ಕನ ಗೊಜ್ಜನ್ನು ಯೂಲಿನ್‌ಳ ಹೊಸ ಗಾಜಿನ ಜಾಡಿಗಳಿಗೆ ತುಂಬಿದ್ದಳು.

ಯೂಲಿನ್ ಎಂದರೆ ಜೋಸೆಟ್‌ಳ ಮಗಳು. ಚರ್ಚಿನಲ್ಲಿ ಅವಳ ತಲೆಗೆ ನೀರು ಹಾಕಿಸುವಾಗ ಮಡಿಲಲ್ಲಿ ಹಿಡಿದವಳು ನಾನು, ಹಾಗಾಗಿ ನನ್ನನ್ನು ನೆನೆನ್ ಎನ್ನುತ್ತಾಳೆ, ಚಿಕ್ಕಮ್ಮ ಕ್ಲೋಟಿಲ್‌ಳನ್ನು ಟಾಂಟಿ ಎನ್ನುತ್ತಾಳೆ. ಅವಳೂ ನಾವು ಆರು ಜನ ಹೆಂಗಸರೂ ಸೇರಿ ಹುಣಸೆ ಗೊಜ್ಜು ಮಾಡುತ್ತಿದ್ದೆವು. ಉಪ್ಪು ಹಾಕಿದ ಗೊಜ್ಜು, ಬದುಕಿರುವವರದು. ಟಿರೆಲ್ ಕೊಲ್ಲಿಯಲ್ಲಿ ಲಂಗರು ಹಾಕುವ ಹಾಯಿದೋಣಿಗಳ ಬಿಳಿಯರು ಕೊಳ್ಳುತ್ತಿದ್ದರು. ಗಾಳಿ ಬಂದುಹೋದ ಮೇಲೆ ದೋಣಿಗಳೂ ಇಲ್ಲ, ಬಿಳಿಯರೂ ಇಲ್ಲ. ಅಡುಗೆಮನೆಗೆ ಸೂರೂ ಇಲ್ಲ. ಉಳಿದಿದ್ದ ಒಂದೇ ಆಸೆ ಹೊರದೇಶ. ಗ್ರೆನಾಡಾದ ರಫ್ತು ಕಚೇರಿಯವರು ಜರ್ಮನಿಯ ಒಂದು ದೊಡ್ಡ ತಿನಿಸಿನ ಮೇಳಕ್ಕೆ ನಮ್ಮ ದ್ವೀಪಗಳ ರಮ್ಮು, ಚಾಕೊಲೇಟು, ಜಾಯಿಕಾಯಿ ಜಾಮು ಎಲ್ಲ ಒಯ್ಯುತ್ತಾರೆಂದು ತಿಳಿದು, ನಮ್ಮ ಗೊಜ್ಜನ್ನೂ ಒಯ್ಯಿರೆಂದು ಯೂಲಿನ್ ಅವರ ಬಾಗಿಲು ಸವೆಸಿದ್ದಳು. ಎಡೆಯಿಟ್ಟ ಮರುದಿನವೇ ಮಾದರಿ ಜಾಡಿಗಳನ್ನು ಹಿಡಿದು ಮುಂಜಾನೆಯ ದೋಣಿಗೆ ಆ ಕಚೇರಿಯಿದ್ದ ಸೇಂಟ್ ಜಾರ್ಜಸ್‌ಗೆ ಹೋದವಳು, ಅಲ್ಲೇ ಚೀಟಿ ಅಂಟಿಸಿ, ಕಾಗದಪತ್ರ ಮುಗಿಸಿ, ಮೂರು ವಾರ ಬಿಟ್ಟು ಬಂದಳು. ಅವಳಮ್ಮ ಬಂದುಹೋದ ಕಥೆ ಕೇಳಿ ಅವಳೂ ಅತ್ತಳು, ಟಾಂಟಿಯನ್ನು ತಬ್ಬಿಕೊಂಡಳು.

ಜೂನಿನಲ್ಲಿ ರಾಟರ್‌ಡ್ಯಾಮ್‌ನಿಂದ ಫೋನು ಬಂತು, ಮುಖ ಕಾಣುವಂಥದ್ದು. ಮರೈಕೆ ಎಂಬ ಹೆಂಗಸು, ಹಾಲೆಂಡಿನಲ್ಲಿ ಅವಳದು ಸಾಲುಸಾಲು ಅಂಗಡಿಗಳಂತೆ. ನಾವು ಆರೂ ಜನ ಯೂಲಿನ್‌ಳ ಹೆಗಲ ಮೇಲೆ ಕತ್ತು ಚಾಚಿ ನೋಡುತ್ತಿದ್ದೆವು. ಮೇಳದಲ್ಲಿ ನಮ್ಮ ಗೊಜ್ಜು ತಿಂದೆ, ಮನೆಗೂ ಒಯ್ದೆ, ಪರೀಕ್ಷೆಗೂ ಕೊಟ್ಟೆ ಎಂದಳು. ಒಂದು ತಪ್ಪಿದೆ, ತಿದ್ದಬೇಕು, ಚೀಟಿಯಲ್ಲಿ ಉಪ್ಪು ಎಂದು ಬರೆದಿದ್ದೀರಿ, ಪರೀಕ್ಷೆಯಲ್ಲಿ ಉಪ್ಪಿನ ಸುಳಿವೇ ಇಲ್ಲ ಎಂದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳೇ ಮುಂದುವರಿದು, ತಿದ್ದಬೇಕಾದದ್ದು ಚೀಟಿಯನ್ನು, ಗೊಜ್ಜನ್ನು ಮುಟ್ಟಬೇಡಿ ಎಂದಳು. ಕೆರಿಬಿಯನ್ನಿಂದ ಬರುವ ಖಾರದ ಬಾಟಲಿಗಳು ಅವರಲ್ಲಿ ಗೋಡೆ ತುಂಬ ಇವೆಯಂತೆ, ಎಲ್ಲದರಲ್ಲೂ ಕಡಲಿನಷ್ಟು ಉಪ್ಪಂತೆ. ಅಲ್ಲಿಯವರು ಈಗ ಬಾಟಲಿಯ ಬೆನ್ನು ಓದದೆ ಕೈಚೀಲಕ್ಕೆ ಹಾಕುವುದಿಲ್ಲವಂತೆ. ಉಪ್ಪಿಲ್ಲದ್ದು ಎಂದು ಬಂದದ್ದೆಲ್ಲ ಸಪ್ಪೆ, ಇದೊಂದೇ ಬಾಯಿಗೆ ಹಿಡಿಯಿತು ಎಂದಳು. ಕ್ರಿಸ್‌ಮಸ್‌ಗೆ ಮುಂಚೆ ಮೂರು ಸಾವಿರ ಜಾಡಿ ಬೇಕು, ಒಪ್ಪಿಗೆಯಾದರೆ ಪ್ರತಿ ವರ್ಷ ಬೇಕು, ಆದರೆ ಅದೇ ಗೊಜ್ಜು ಬೇಕು ಎಂದು ಹೇಳಿ ಫೋನಿಟ್ಟಳು.

ಹೆಂಗಸರೆಲ್ಲ ಕುಣಿದುಬಿಟ್ಟರು. ಯಾರಿಗೂ ಉಪ್ಪಿನ ಯೋಚನೆ ಬರಲಿಲ್ಲ, ಪರೀಕ್ಷೆಯವರ ಕಣ್ಣು ಕುರುಡು ಎಂದುಕೊಂಡರು. ಯೂಲಿನ್ ಮಾತ್ರ ಎದ್ದು ಮನೆಯ ಹಿಂದಕ್ಕೆ ಹೋದಳು. ನಾನು ಹೋಗಿ ನೋಡಿದರೆ ನೀರಿನ ತೊಟ್ಟಿಯ ಕಟ್ಟೆಗೆ ಒರಗಿ ನಿಂತಿದ್ದಾಳೆ, ತುಟಿ ಬೆಳ್ಳಗಾಗಿದೆ.

“ಆವತ್ತು ಬೆಳಿಗ್ಗೆ ಜಾಡಿ ತಗೊಳ್ಳೋಕೆ ನಾನು ಒಳಗೆ ಹೋಗಿದ್ದೆ ನೆನೆನ್,” ಅಂದಳು. “ಮಾದರಿ ಜಾಡಿ ಮೂಲೇಲಿ ಜೋಡಿಸಿಟ್ಟಿದ್ದೆ. ಕರೆಂಟಿರ್ಲಿಲ್ಲ. ಎಡೆ ಕಡೆ ನೋಡ್ಬಾರ್ದಲ್ಲ ಅಂತ ಮುಖ ಗೋಡೆ ಕಡೆ ತಿರುಗಿಸ್ಕೊಂಡು ಕೈಯಾಡಿಸ್ದೆ. ಜಾಡಿ ಕೈಗೆ ಸಿಕ್ತು. ಬುಟ್ಟಿಗೆ ಹಾಕ್ಕೊಂಡು ದೋಣಿಗೆ ಓಡ್ದೆ.”

ನನಗೆ ಅರ್ಥವಾಯಿತು. ಸೂರಿದ್ದ ಆ ಒಂದೇ ಕೋಣೆಯಲ್ಲಿ ಎಡೆಯ ಮೇಜೂ ಇತ್ತು, ಅದರ ಪಕ್ಕಕ್ಕೇ ನಮ್ಮ ಸರಕೂ ಇತ್ತು. ಮೂಲೆಯಲ್ಲಿ ಜಾಡಿಗಳು ರಾಶಿ ಬಿದ್ದಿದ್ದವು, ಉಳಿದದ್ದೆಷ್ಟು ಹೋದದ್ದೆಷ್ಟು ಎಂದು ನೋಡಿದವರು ಯಾರು? ಕಣ್ಣು ಬಿಟ್ಟು ನೋಡಿದ್ದರೆ ಈ ಅನಾಹುತವೇ ಇರಲಿಲ್ಲ. ಭಯಭಕ್ತಿಯಿಂದ ಮುಖ ತಿರುಗಿಸಿದ್ದಕ್ಕೇ ಹೆತ್ತ ತಾಯಿಯ ತುತ್ತನ್ನು ಎತ್ತಿಕೊಂಡು ಹೋಗಿ ಜರ್ಮನಿಯಲ್ಲಿ ಕಂಡಕಂಡವರ ಬಾಯಿಗೆ ಹಾಕಿದ್ದಳು.

ಟಾಂಟಿಗೆ ಹೇಳಬೇಡ, ನಾವೇ ಉಪ್ಪು ಬಿಟ್ಟು ಮಾಡಿದರಾಯಿತು ಎಂದೆ. ಮಾಡಿದೆವು. ಮೂರು ಸಲ ಮಾಡಿದೆವು. ಅಯ್ಯೋ, ನಾಯಿಯೂ ಮೂಸುತ್ತಿರಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಕ್ಲೋಟಿಲ್ ಆ ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಉಪ್ಪಿನ ಜಾಗಕ್ಕೆ ಏನನ್ನು ತಂದು ಕೂರಿಸುತ್ತಿದ್ದಳೋ ಅವಳಿಗೇ ಗೊತ್ತು. ಅವಳನ್ನು ಕೇಳಬೇಕೆಂದರೆ ಆ ಗೊಜ್ಜು ಹಾಲೆಂಡಿನವಳ ಬಾಯಿಗೆ ಹೇಗೆ ಬಿತ್ತೆಂದು ಹೇಳಬೇಕು. ಹೇಳಿದರೆ, ನಿನ್ನ ಅಕ್ಕ ಬಂದಿರಲಿಲ್ಲ ಎಂದು ಹೇಳಿದ ಹಾಗೆ. ಯೂಲಿನ್ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಹೋಗಿ ಹೇಳಿದಳು.

ಕ್ಲೋಟಿಲ್ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಯೂಲಿನ್ ಅವಳ ಕಾಲ ಬಳಿ ಕೂತು, ತಲೆ ಎತ್ತದೆ, ಒಂದನ್ನೂ ಮುಚ್ಚಿಡದೆ ಹೇಳಿದಳು. ಮುದುಕಿ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ಮಡಿಲಿನ ಸಿಪ್ಪೆ ಕೊಡವಿದಳು.

“ಹಾಗಾದ್ರೆ ಅವಳು ಬರ್ಲಿಲ್ಲ,” ಅಂದಳು.

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು, ಎರಡು ಏಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು. ತಾಡಪಾಲಿನ ಕೆಳಗಿನ ಮಂಚಕ್ಕೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊರ ಹೆಂಗಸರೆಲ್ಲ ನಾಲ್ಕು ತಿಂಗಳಿಂದ ಅವಳ ಬಾಯಲ್ಲಿ ಅಕ್ಕ ಬಂದ ಕಥೆ ಕೇಳಿದ್ದರು. ಸಮಾಧಿ ಕಳೆದುಕೊಂಡ ಇನ್ನೆಷ್ಟೋ ಮನೆಯವರು ನಮ್ಮವರೂ ಬರುತ್ತಾರೆ ಎಂದು ಅದನ್ನೇ ನಂಬಿಕೊಂಡಿದ್ದರು. ಈಗ ಇವಳು ಯಾವ ಮುಖ ಹೊತ್ತು ನಲ್ಲಿಯ ಹತ್ತಿರ ಹೋಗಬೇಕು?

ಮರುದಿನ ಎದ್ದವಳು ಯೂಲಿನ್‌ಳನ್ನು ಕರೆಸಿದಳು. ಯಾರು ತಿಂದರು ಎಂದು ಕೇಳಿದಳು. ಗುರುತಿಲ್ಲದವರು, ಪುಟ್ಟ ಚಮಚದಲ್ಲಿ, ನಿಂತುಕೊಂಡು ತಿಂದರಂತೆ ಎಂದಳು ಯೂಲಿನ್. ಇಷ್ಟವಾಯಿತಂತಾ ಎಂದು ಮುದುಕಿ ಕೇಳಿದಳು. ಆಯಿತಂತೆ. ಆಮೇಲೆ ಯೂಲಿನ್ ಕೇಳಬೇಕಾದ್ದನ್ನು ಕೇಳಿದಳು: ಮಾಡಿಕೊಡುತ್ತೀಯಾ? ಮಾಡದಿದ್ದರೆ ನಮ್ಮ ಅಡುಗೆಮನೆ ಇಲ್ಲಿಗೆ ಮುಗಿದ ಹಾಗೆ, ಈ ಹೆಂಗಸರ ಒಲೆ ಹೊತ್ತಿಸುವ ಬೇರೆ ದಾರಿ ನನಗೆ ಕಾಣುತ್ತಿಲ್ಲ.

“ಅದು ನಂದಲ್ಲ ಕೊಡೋಕೆ,” ಅಂದಳು ಕ್ಲೋಟಿಲ್. “ಸತ್ತವರದ್ದು. ನಿಮ್ಮಮ್ಮನ್ನ ಕೇಳು. ಇನ್ನೊಂದು ಎಡೆ ಇಡ್ತೀನಿ. ನಿನ್ನ ಕನಸಲ್ಲೋ ನನ್ನ ಕನಸಲ್ಲೋ ಬಂದು ಹೂಂ ಅಂದ್ರೆ ಮಾಡ್ತೀನಿ. ಬರ್ಲಿಲ್ಲ ಅಂದ್ರೆ ಆ ಹೆಂಗಸಿಗೆ ಇಲ್ಲ ಅಂತ ಹೇಳ್ಬಿಡು.”

ಎಡೆ ಇಟ್ಟಳು. ಈ ಸಲ ಕೋಣೆಗೆ ಬೀಗ ಹಾಕಿದೆವು. ಬೆಳಿಗ್ಗೆ ನೋಡಿದರೆ ಇಟ್ಟದ್ದೆಲ್ಲ ಇಟ್ಟ ಹಾಗೇ ಇತ್ತು.

ಆಮೇಲೆ ಶುರುವಾಯಿತು ನೋಡಿ ಕನಸಿನ ಕಾಯುವಿಕೆ. ಇಡೀ ಊರೇ ಯೂಲಿನ್‌ಳ ನಿದ್ದೆಯ ಉಸ್ತುವಾರಿಗೆ ನಿಂತಿತು. ನಲ್ಲಿಯ ಹತ್ತಿರ ಸಿಕ್ಕವರೆಲ್ಲ “ಬಿತ್ತಾ?” ಎನ್ನುವವರೇ. ಒಬ್ಬಳು ಮೀನಿನ ತಲೆ ತಿಂದು ಮಲಗು ಎಂದಳು, ಇನ್ನೊಬ್ಬಳು ಅವಳಮ್ಮನ ಹಳೆಯ ಲಂಗ ತಲೆದಿಂಬಿಗೆ ಸುತ್ತು ಎಂದಳು. ಯೂಲಿನ್‌ಗೆ ಬಿದ್ದ ಕನಸೆಲ್ಲ ಬೇರೆಯವೇ. ಒಮ್ಮೆ ಹಡಗು, ಒಮ್ಮೆ ಶಾಲೆಯ ಟೀಚರು, ಒಮ್ಮೆ ಕತ್ತೆ. ಕತ್ತೆ ಏನಾದರೂ ಹೂಂ ಅಂತಾ ಎಂದು ನಾನು ಕೇಳಿದ್ದಕ್ಕೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ರಾಟರ್‌ಡ್ಯಾಮ್‌ನವಳು ಎರಡು ಸಲ ಕೇಳಿದಳು. ಮೂರನೆಯ ಸಲ, ಶುಕ್ರವಾರದೊಳಗೆ ಹೇಳದಿದ್ದರೆ ಆ ಜಾಗಕ್ಕೆ ಬೇರೆ ದೇಶದ ಗೊಜ್ಜು ಇಡಬೇಕಾಗುತ್ತದೆ, ದಯವಿಟ್ಟು ಕ್ಷಮಿಸಿ ಎಂದಳು. ಪಾಪ, ಅವಳದ್ದೇನೂ ತಪ್ಪಿಲ್ಲ. ಅಂಗಡಿ ನಡೆಸುವವಳಿಗೆ ನಮ್ಮ ಸತ್ತವರ ಒಪ್ಪಿಗೆಯ ಕಥೆ ಯಾರು ಹೇಳುತ್ತಾರೆ?

ನನಗೆ ತಡೆಯಲಾಗಲಿಲ್ಲ. ಗುರುವಾರ ಯೂಲಿನ್‌ಳನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

“ಕನಸಿಗೇನು ಸುಂಕ ಕಟ್ಬೇಕಾ?” ಅಂದೆ. “ಬಿತ್ತು ಅಂದ್ಬಿಡು. ಯಾವನು ಬಂದು ನಿನ್ನ ತಲೆ ಒಳಗೆ ಹುಡುಕ್ತಾನೆ?”

“ನಮ್ಮಮ್ಮನ ಬಾಯಲ್ಲಿ ನಾನು ಮಾತಿಡಲ್ಲ ನೆನೆನ್,” ಅಂದಳು. “ಒಂದ್ಸಲ ಅವಳ ತಟ್ಟೆಗೆ ಕೈಹಾಕಿದ್ದೇ ಸಾಕು.”

ಬೆಳಿಗ್ಗೆ ಫೋನು ಮಾಡಿ ಇಲ್ಲ ಎಂದು ಹೇಳಿಬಿಡುತ್ತೇನೆ ಎಂದಳು. ಅವಳ ಮೇಲೆ ನನಗೆ ಕೋಪವೂ ಬಂತು, ಹೆಮ್ಮೆಯೂ ಆಯಿತು. ಮನೆಗೆ ಬಂದಾಗ ಕ್ಲೋಟಿಲ್ ಏನಂತಾಳೆ ಹುಡುಗಿ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಳೆ ಇಲ್ಲ ಅಂತಾಳೆ, ಆಮೇಲೆ ನಾವು ಆರು ಜನ ಹುಣಸೆಮರದ ಕೆಳಗೆ ಕೂತು ಒಬ್ಬರ ತಲೆ ಒಬ್ಬರು ಹೆಣೆಯುವುದು ಎಂದೆ. ಸ್ವಲ್ಪ ಖಾರವಾಗಿಯೇ ಹೇಳಿದೆ. ಮುದುಕಿ ಜಪಮಾಲೆ ಹಿಡಿದುಕೊಂಡು ಬಂದು ಮಲಗಿದಳು.

ಶುಕ್ರವಾರ ಬೆಳಿಗ್ಗೆ ಯೂಲಿನ್ ಬರುವುದನ್ನೇ ಕಾಯುತ್ತಿದ್ದವಳ ಹಾಗೆ ಅವಳು ಮೆಟ್ಟಿಲಿಳಿದು ಹೋದಳು.

“ಬಂದಿದ್ಲು,” ಅಂದಳು. “ನಿಮ್ಮಮ್ಮ. ಮಾಡ್ಕೊಡು ಅಂದ್ಲು. ಹೊಟ್ಟೆಪಾಡಿಗೆ ತಾನೇ, ಮಾಡ್ಕೊಡು ಅಂದ್ಲು.”

ಯೂಲಿನ್ ಕೈಯಲ್ಲಿದ್ದ ಫೋನನ್ನು ಎದೆಗೊತ್ತಿಕೊಂಡಳು.

“ಏನು ಉಟ್ಟಿದ್ಲು ಟಾಂಟಿ?”

“ನೀಲಿ ಗೌನು. ಚರ್ಚಿಗೆ ಹೋಗ್ತಿದ್ಲಲ್ಲ, ಅದೇ.” ಕ್ಲೋಟಿಲ್ ಜಪಮಾಲೆಯನ್ನು ಅಂಗೈಗೆ ಸುತ್ತಿಕೊಂಡಳು. “ಒದ್ದೆ ಇರ್ಲಿಲ್ಲ ಕಣೇ. ಒಣಗಿದ ಗೌನು.”

ಆಗ ಯೂಲಿನ್ ಅತ್ತ ಅಳು ಅವಳಮ್ಮ ಸತ್ತಾಗಲೂ ನಾನು ನೋಡಿದ್ದಿಲ್ಲ. ಅಮ್ಮ ಕಡಲಿನೊಳಗಿಲ್ಲ, ಎಲ್ಲೋ ಒಣ ನೆಲದ ಮೇಲಿದ್ದಾಳೆ ಎಂಬ ಒಂದು ಮಾತಿಗೆ ಅವಳು ಒಂದು ವರ್ಷದಿಂದ ಕಾದಿದ್ದಳೆಂದು ನನಗೆ ಆವತ್ತೇ ಗೊತ್ತಾದದ್ದು.

ಕ್ಲೋಟಿಲ್‌ಗೆ ಕನಸು ಬಿದ್ದಿರಲಿಲ್ಲ. ಅವಳ ಪಕ್ಕದಲ್ಲಿ ಮಲಗಿದ್ದವಳು ನಾನು. ಅವಳು ಕಣ್ಣು ಮುಚ್ಚಿದ್ದರೆ ತಾನೆ ಕನಸು? ಜಪಮಾಲೆಯ ಮಣಿ ಒಂದರ ಮೇಲೊಂದು ಬೀಳುವ ಸದ್ದಿಗೆ ನನಗೂ ನಿದ್ದೆಯಿರಲಿಲ್ಲ, ಕೋಳಿ ಕೂಗುವವರೆಗೂ ಅದು ನಿಲ್ಲಲಿಲ್ಲ. ಯೂಲಿನ್ ಹೋದ ಮೇಲೆ ಅವಳು ನನ್ನ ಮುಖ ನೋಡಿದಳು. ನೀನು ಕಂಡದ್ದು ನಿನ್ನಲ್ಲೇ ಇರಲಿ ಎಂದಳು. ಇರಲಿ ಎಂದೆ. ಊರಿಗೆಲ್ಲ ಸುಳ್ಳು ಹೇಳು ಎಂದು ಹುಡುಗಿಗೆ ಬುದ್ಧಿ ಹೇಳಿದ್ದವಳು ನಾನು, ಆದರೂ ಈ ಮುದುಕಿಯ ಬಾಯಲ್ಲಿ ಆ ಸುಳ್ಳು ಕೇಳಿದಾಗ ನನಗೇ ಭಯವಾಯಿತು. ಸತ್ತವರ ಮಾತನ್ನು ನಮಗೆ ಮುಟ್ಟಿಸುವವಳು ಅವಳೊಬ್ಬಳೇ. ಅಕ್ಕಸಾಲಿಗನ ತಕ್ಕಡಿಯಷ್ಟು ನೇರ ಎಂದು ಊರೆಲ್ಲ ನಂಬಿದ ಬಾಯಿ ಅದು.

ಮಾಡಿಕೊಟ್ಟಳು. ಬಾಗಿಲು ತೆರೆದಿಟ್ಟು ಮಾಡಿದಳು, ಆರೂ ಜನಕ್ಕೆ ಕಲಿಸಿದಳು. ಗುಟ್ಟು ದೊಡ್ಡದೇನಲ್ಲ. ಕಬ್ಬಿನ ಸಕ್ಕರೆಯನ್ನು ಹೊಗೆಯೇಳುವ ತನಕ ಸುಡಬೇಕು, ಇನ್ನೊಂದು ಗಳಿಗೆ ಬಿಟ್ಟರೆ ಕಹಿಯಾಗಿ ಎಸೆಯಬೇಕು, ಅಷ್ಟರಲ್ಲಿ ಹುಣಸೆ ರಸ ಸುರಿಯಬೇಕು. ಉಪ್ಪು ಮಾಡುವ ಕೆಲಸವನ್ನು ಆ ಕಹಿ ಮಾಡುತ್ತದೆ. ಮೆಣಸಿನಕಾಯಿಯನ್ನು ಒಡೆಯದೆ ಇಡಿಯಾಗಿ ಬೇಯಿಸಬೇಕು. ರಫ್ತು ಕಚೇರಿಯವರು ಬಂದು ತಲೆಗೆ ಬಲೆಟೊಪ್ಪಿ ಹಾಕಿಸಿದರು, ಪ್ರತಿ ಹಂಡೆಯನ್ನೂ ಮಾಡಿದವರು ರುಚಿ ನೋಡಿಯೇ ಜಾಡಿಗೆ ತುಂಬಬೇಕು ಎಂದರು. ಕ್ಲೋಟಿಲ್ ಬೆರಗಾದಳು. ಐವತ್ತು ವರ್ಷದಿಂದ ಮಾಡುತ್ತ ಬಂದಿದ್ದಳು, ಒಂದು ಹನಿ ನಾಲಿಗೆಗೆ ಹಚ್ಚಿರಲಿಲ್ಲ. ಚಮಚ ಹಿಡಿದು ತುಂಬ ಹೊತ್ತು ನಿಂತಳು, ಆಮೇಲೆ ಬಾಯಿಗಿಟ್ಟಳು.

“ಪರವಾಗಿಲ್ಲ,” ಅಂದಳು ಮೆಲ್ಲಗೆ. “ನಮ್ಮಕ್ಕನಿಗೆ ನಾನು ಕೆಟ್ಟದ್ದೇನೂ ಕೊಟ್ಟಿಲ್ಲ.”

ಜಾಡಿಯ ಮೇಲೆ ಅಮ್ಮನ ಹೆಸರು ಹಾಕಿಸಬೇಕೆಂದು ಯೂಲಿನ್‌ಗೆ ಆಸೆ. ಕ್ಲೋಟಿಲ್ ಖಡಾಖಂಡಿತವಾಗಿ ಬೇಡ ಎಂದಳು. ಬೇರೆ ಹೆಸರಿಟ್ಟು ಕಳಿಸಿದೆವು. ಅಕ್ಟೋಬರಿನಲ್ಲಿ ಪೆಟ್ಟಿಗೆಗಳು ಹಿಲ್ಸ್‌ಬರೋ ಕಟ್ಟೆಯಿಂದ ದೋಣಿಯೇರಿದವು, ಗ್ರೆನಾಡಾದಲ್ಲಿ ಹಡಗೇರಿದವು. ಹೊಸ ವರ್ಷಕ್ಕೆ ಮುಂಚೆ ಮರೈಕೆ ಮತ್ತೆ ಫೋನು ಮಾಡಿ, ಎಲ್ಲ ಖಾಲಿ, ಮುಂದಿನ ಸಲ ಇಮ್ಮಡಿ ಕಳಿಸಿ ಎಂದಳು. ಅಡುಗೆಮನೆಗೆ ಸೂರು ಬಂತು. ಕ್ಲೋಟಿಲ್‌ಳ ಮನೆಗೂ ಬಂತು, ನನಗೂ ಒಂದು ಕೋಣೆ ಎದ್ದಿತು. ಯಾರಾದರೂ ನಮ್ಮ ಗೊಜ್ಜಿನ ಬಗ್ಗೆ ಕೇಳಿದರೆ ಯೂರೋಪಿಗೆ ಹೋಗುತ್ತದೆ ಎಂದು ನಾನೂ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಸುಳ್ಳೇಕೆ, ಖುಷಿಯಾಗಿತ್ತು.

ಮಾರ್ಚಿನಲ್ಲಿ ಮತ್ತೆ ಹುಣಸೆ ಬಲಿಯಿತು. ಮೊದಲ ಹಂಡೆ ಜೋಸೆಟ್‌ಗೆ. ನಾನು ಬೆಳಿಗ್ಗೆಯೇ ಕೋಳಿ ಹಿಡಿದುಕೊಟ್ಟು ತೊಗರಿಕಾಳು ಬಿಡಿಸಿಟ್ಟೆ. ಈ ನಡುವೆ ಬೇರೆ ಮನೆಗಳಿಂದ ಎಡೆಗೆ ಕರೆ ಬಂದಾಗೆಲ್ಲ ಕ್ಲೋಟಿಲ್ ಮಂಡಿನೋವು ಎಂದು ಹೋಗಿರಲಿಲ್ಲ. ಅಕ್ಕನ ಎಡೆಗೂ ಹಾಗೆನ್ನುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಯೂಲಿನ್ ಬಂದಾಗ ಅವಳು ಹೊಸ ಕೋಣೆಯ ಹೊಸ್ತಿಲ ಹೊರಗೇ ನಿಂತು, ಮಡಿಸಿದ ಬಿಳಿ ಬಟ್ಟೆಯನ್ನು ಅವಳ ಕೈಗಿಟ್ಟಳು. ಇನ್ನು ಮೇಲೆ ನೀನು ಇಡು ಎಂದಳು.

ಯೂಲಿನ್ ನಕ್ಕಳು. ನೀನಿರುವಾಗ ನಾನ್ಯಾಕೆ, ನನ್ನ ಕೈ ಅಮ್ಮನಿಗೆ ಗುರುತೇ ಸಿಗುವುದಿಲ್ಲ, ಎದ್ದು ಓಡಿಹೋಗುತ್ತಾಳೆ ಎಂದು ತಮಾಷೆ ಮಾಡಿದಳು.

“ನನ್ನ ಕೈಯಲ್ಲಿ ಇಡೋಕಾಗಲ್ಲ,” ಅಂದಳು ಕ್ಲೋಟಿಲ್. “ಸತ್ತವರ ಹೆಸರಲ್ಲಿ ಸುಳ್ಳು ಹೇಳಿದವಳು ಎಡೆ ಮುಟ್ಬಾರ್ದು. ನಮ್ಮಮ್ಮ ನನಗೆ ಈ ಕೆಲಸ ಕೊಡುವಾಗ ಹೇಳಿದ್ದು ಅದೊಂದೇ ಮಾತು.”

ಯೂಲಿನ್‌ಳ ನಗು ಮುಖದಲ್ಲೇ ನಿಂತುಹೋಯಿತು. ಅವಳು ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

“ಅವಳು ಬರ್ಲಿಲ್ಲ ಮಗಾ,” ಅಂದಳು ಕ್ಲೋಟಿಲ್. “ಗಾಳಿ ಆದ್ಮೇಲೆ ಒಂದು ದಿನಾನೂ ಬರ್ಲಿಲ್ಲ. ಬಂದ್ಲು ಅಂತ ಅಂದವಳು ನಾನು.”

ಅಡುಗೆಮನೆಯಲ್ಲಿ ಹೆಂಗಸರು ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಹೊಸ ತಗಡಿನ ಸೂರಿಗೆ ಬಿಸಿಲು ಬಿದ್ದು ಚಟಚಟ ಎನ್ನುತ್ತಿತ್ತು. ಯೂಲಿನ್ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಮೇಲಿನ ಸೂರು ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ಆ ಸುಳ್ಳಿನಿಂದ ಬಂದದ್ದರಲ್ಲಿ ಯಾವುದನ್ನು ತಾನೆ ವಾಪಸು ಕೊಡಬಲ್ಲಳು? ಕೊನೆಗೆ ಅವಳು ಕೇಳಿದ್ದು ತನ್ನಮ್ಮನ ಬಗ್ಗೆಯೂ ಅಲ್ಲ.

“ನಿನಗೆ ಯಾರು ಇಡ್ತಾರೆ ಟಾಂಟಿ? ನೀನು ಹೋದ್ಮೇಲೆ, ನೀನು ಬರ್ತೀಯಾ?”

ಕ್ಲೋಟಿಲ್ ಗೌನಿನ ತೋಳನ್ನು ಸುಮ್ಮನೆ ಒರೆಸಿಕೊಂಡಳು. ಸುಳ್ಳು ಹೇಳಿದವರನ್ನು ಆ ಕಡೆಯವರು ಸಾಲಿನಲ್ಲಿ ಕೂರಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆಯೇ ಆ ಶುಕ್ರವಾರ ಮೆಟ್ಟಿಲಿಳಿದು ಹೋಗಿದ್ದಳು.

“ಇಟ್ಟು ನೋಡು,” ಅಂದಳು ಕೊನೆಗೆ. “ಈಗ ಅವಳಿಗೆ ಇಡು, ಹೊತ್ತಾಗ್ತಿದೆ. ನನ್ನ ನೋಡ್ಬೇಡ. ನಾನು ಈ ಕಡೆ ತಿರುಗಿ ಕೂತಿರ್ತೀನಿ.”

ಅವಳು ಹೊಸ್ತಿಲಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಳು. ಯೂಲಿನ್ ಒಳಗೆ ಹೋಗಿ ಮೇಜಿನ ಮೇಲೆ ಬಟ್ಟೆ ಹಾಸಿದಳು. ಲೋಟ ತಟ್ಟೆಗೆ ತಾಗಿದ್ದು ಹೊರಗೆ ನಮಗೆ ಕೇಳಿಸಿತು. ಮುದ್ದೆ ಎಡಕ್ಕೆ ಇಡಬೇಕು, ಕೋಳಿ ಬಲಕ್ಕೆ ಎಂದು ಕ್ಲೋಟಿಲ್ ತಿರುಗಿ ನೋಡದೆಯೇ ಹೇಳಿಕೊಡುತ್ತ ಹೋದಳು.